ಉಪಗ್ರಹಕ್ಕೆ ಹೊಲದ ಹಸಿ ಕಾಣುತ್ತದೆ, ಬೋರ್‌ವೆಲ್ ನೀರು ಕಾಣುವುದಿಲ್ಲ!

ಬೇಸಿಗೆ ಶುರುವಾದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ನಕ್ಷೆ ಓಡಾಡತೊಡಗುತ್ತದೆ. ಅದರಲ್ಲಿ ಅಲ್ಲಲ್ಲಿ ಕೆಂಪು, ಹಳದಿ, ನೀಲಿ ಬಣ್ಣಗಳು. ಇದು ಉಪಗ್ರಹ ತೆಗೆದ ಚಿತ್ರ, ಕೆಂಪು ಇರುವ ಕಡೆ ಭೂಮಿಯೊಳಗೆ ನೀರೇ ಇಲ್ಲ ಎನ್ನುವ ಒಕ್ಕಣೆ ಕೆಳಗಿರುತ್ತದೆ. ಮಳೆಗಾಲ ಬಂದಾಗ ಅದೇ ಮಾತು ಉಲ್ಟಾ ಆಗುತ್ತದೆ: ನೀಲಿ ಇರುವ ಕಡೆ ಬೋರ್ ಕೊರೆಸಿದರೆ ನೀರು ಗ್ಯಾರಂಟಿ!

ಇಂಥ ನಕ್ಷೆಗಳಲ್ಲಿ ಬಹಳಷ್ಟು ಸುಳ್ಳು ನಕ್ಷೆಗಳಲ್ಲ. ನಾಸಾ, ಇಸ್ರೋ, ಯೂರೋಪಿನ ಬಾಹ್ಯಾಕಾಶ ಸಂಸ್ಥೆಗಳು ನಿಜವಾಗಿಯೂ ಮಣ್ಣಿನ ತೇವಾಂಶದ ನಕ್ಷೆಗಳನ್ನು ತಯಾರಿಸುತ್ತವೆ. ಎಡವಟ್ಟು ಇರುವುದು ಕೆಳಗಿನ ಒಕ್ಕಣೆಯಲ್ಲಿ. ನಕ್ಷೆ ಹೇಳುವುದು ಒಂದು, ನಾವು ಓದಿಕೊಳ್ಳುವುದು ಇನ್ನೊಂದು. ಅದನ್ನು ನಂಬಿ ಯಾರಾದರೂ ಸಾಲ ಮಾಡಿ ಬೋರ್ ಕೊರೆಸಿದರೆ ನಷ್ಟ ನಕ್ಷೆಗಲ್ಲ, ಅವರಿಗೆ.

ಹಾಗಾದರೆ ಉಪಗ್ರಹಕ್ಕೆ ಕಾಣುವುದು ಯಾವ ನೀರು? ಎಷ್ಟು ಆಳದ್ದು? ಅದರಿಂದ ನಮಗೇನು ಉಪಯೋಗ? ಒಂದೊಂದಾಗಿ ನೋಡೋಣ.

ಮಣ್ಣಿನ ತೇವ ಬೇರೆ, ಅಂತರ್ಜಲ ಬೇರೆ

ಮಳೆ ಬಿದ್ದಾಗ ನೀರು ಮೊದಲು ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಆ ಸಂದುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇರುತ್ತದೆ. ಇದೇ ಮಣ್ಣಿನ ತೇವಾಂಶ. ರೈತರು ಹೊಲ ಹದವಾಗಿದೆ ಎನ್ನುವುದು ಇದನ್ನು ನೋಡಿಯೇ. ಬೀಜ ಮೊಳೆಯುವುದೂ ಪೈರು ಬದುಕುವುದೂ ಈ ನೀರಿನಿಂದಲೇ.

ಇನ್ನೂ ಕೆಳಗಿಳಿದ ನೀರು, ಸಂದುಗಳೆಲ್ಲ ಪೂರ್ತಿ ತುಂಬಿಕೊಂಡಿರುವ ಪದರವನ್ನು ಸೇರುತ್ತದೆ. ಅದು ಅಂತರ್ಜಲ. ನಮ್ಮ ದಕ್ಷಿಣ ಒಳನಾಡಿನಲ್ಲಿ ಅದು ಗಟ್ಟಿ ಬಂಡೆಯ ಬಿರುಕುಗಳಲ್ಲಿ ಅಡಗಿರುತ್ತದೆ. ಒಂದು ಬೋರ್‌ನಲ್ಲಿ ನೀರು ಬಂದು, ಮಾರು ದೂರದ ಇನ್ನೊಂದರಲ್ಲಿ ಬರೀ ದೂಳು ಬರುವುದು ಈ ಬಿರುಕುಗಳ ಆಟ.

ಮೇಲ್ಮಣ್ಣು ಒದ್ದೆಯಿದ್ದು ಕೆಳಗೆ ಬೋರ್ ಬತ್ತಿರಬಹುದು. ಮೇಲೆ ಬಿರುಕು ಬಿಟ್ಟಿದ್ದು ಆಳದಲ್ಲಿ ನೀರಿರಬಹುದು. ಇವೆರಡನ್ನೂ ಒಂದೇ ಎಂದುಕೊಂಡಾಗಲೇ ಇಂಥ ಫಾರ್ವರ್ಡ್‌ಗಳು ಹುಟ್ಟುತ್ತವೆ.

ಅಷ್ಟು ಎತ್ತರದಿಂದ ತೇವ ಗೊತ್ತಾಗುವುದು ಹೇಗೆ?

ತೇವಾಂಶ ಅಳೆಯುವ ಹಳೆಯ ವಿಧಾನ ಸರಳ. ಒಂದಿಷ್ಟು ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಬಿಸಿಯ ಒವನ್‌ನಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುವುದು. ಕಡಿಮೆಯಾದ ತೂಕವೇ ನೀರು. ಇವತ್ತಿಗೂ ಇದೇ ಅತ್ಯಂತ ನಂಬಿಕಸ್ಥ ಲೆಕ್ಕ. ಆದರೆ ಇಡೀ ರಾಜ್ಯದ ಮಣ್ಣನ್ನು ಎರಡು ದಿನಕ್ಕೊಮ್ಮೆ ಅಗೆದು ಒಣಗಿಸಲು ಸಾಧ್ಯವೇ? ಅದಕ್ಕೇ ಉಪಗ್ರಹ ಬೇಕು.

ಮೊಬೈಲ್ ಕ್ಯಾಮೆರಾದಂತೆ ಫೋಟೊ ತೆಗೆದರೆ ಈ ಕೆಲಸ ಆಗುವುದಿಲ್ಲ. ಮೋಡ ಅಡ್ಡ ಬರುತ್ತದೆ. ಹಸಿರು ಕಂಡರೂ ಅದು ಗಿಡದ ಬಣ್ಣವೇ ಹೊರತು ಮಣ್ಣಿನ ತೇವವಲ್ಲ. ಹಾಗಾಗಿ ವಿಜ್ಞಾನಿಗಳು ಮೈಕ್ರೋವೇವ್ ಅಲೆಗಳನ್ನು ಬಳಸುತ್ತಾರೆ. ಈ ಕೆಲಸಕ್ಕೆ ಹೆಚ್ಚು ಒಗ್ಗುವುದು ಸುಮಾರು 21 ಸೆಂಟಿಮೀಟರ್ ಉದ್ದದ, ಎಲ್-ಬ್ಯಾಂಡ್ ಎಂದು ಕರೆಯುವ ಅಲೆಗಳು. ಇವು ಮೋಡವನ್ನು ಸಲೀಸಾಗಿ ದಾಟುತ್ತವೆ, ಸಾಧಾರಣ ಪೈರನ್ನೂ ದಾಟುತ್ತವೆ.

ಈ ಅಲೆಗಳಿಗೆ ನೀರಿನ ಜೊತೆ ವಿಶೇಷ ನಂಟಿದೆ. ವಿದ್ಯುತ್ ಕ್ಷೇತ್ರಕ್ಕೆ ಒಂದು ವಸ್ತು ಎಷ್ಟು ಸ್ಪಂದಿಸುತ್ತದೆ ಎನ್ನುವುದಕ್ಕೆ ಒಂದು ಅಳತೆಯಿದೆ. ಅದಕ್ಕೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಎನ್ನುತ್ತಾರೆ. ಒಣ ಮಣ್ಣಿಗೆ ಅದು ಸುಮಾರು 4, ನೀರಿಗೆ ಸುಮಾರು 80. ಎಷ್ಟು ದೊಡ್ಡ ವ್ಯತ್ಯಾಸ ನೋಡಿ! ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಅದರ ವರ್ತನೆ ಬದಲಾಗುತ್ತದೆ. ಆ ಬದಲಾವಣೆಯನ್ನು ಉಪಗ್ರಹ ಹಿಡಿಯುತ್ತದೆ.

ಹಿಡಿಯಲು ಎರಡು ದಾರಿಗಳಿವೆ. ಮೊದಲನೆಯದು ಸುಮ್ಮನೆ ಕಿವಿಗೊಡುವುದು. ನೆಲ ತಾನಾಗಿಯೇ ಬಹಳ ಕ್ಷೀಣವಾದ ಮೈಕ್ರೋವೇವ್ ಅಲೆಗಳನ್ನು ಸದಾ ಹೊರಸೂಸುತ್ತಿರುತ್ತದೆ. ಒಣ ನೆಲ ಹೆಚ್ಚು ಸೂಸುತ್ತದೆ, ಒದ್ದೆ ನೆಲ ಕಡಿಮೆ. ಎರಡನೆಯದು ಕೂಗಿ ಪ್ರತಿಧ್ವನಿ ಕೇಳುವುದು. ಅದು ರೇಡಾರ್. ಉಪಗ್ರಹವೇ ಅಲೆಯನ್ನು ಕಳಿಸಿ, ಮರಳಿ ಬಂದದ್ದು ಎಷ್ಟು ಎಂದು ನೋಡುತ್ತದೆ.

2009ರ ನವೆಂಬರ್‌ನಲ್ಲಿ ಹಾರಿದ ಯೂರೋಪಿನ ಸ್ಮಾಸ್ ಉಪಗ್ರಹ ಮೊದಲ ದಾರಿಯದು. 2015ರ ಜನವರಿ 31ರಂದು ಹಾರಿದ ನಾಸಾದ ಸ್ಮ್ಯಾಪ್ ಎರಡನ್ನೂ ಹೊತ್ತು ಹೋಗಿತ್ತು. ಆದರೆ ಅದರ ರೇಡಾರ್ ಅದೇ ವರ್ಷದ ಜುಲೈನಲ್ಲಿ ಕೆಟ್ಟಿತು. ಅಲ್ಲಿಂದಾಚೆ ಅದು ಕಿವಿಗೊಡುವ ಉಪಕರಣವೊಂದರಿಂದಲೇ ಕೆಲಸ ಮಾಡುತ್ತಾ ಬಂದಿದೆ.

ಎಷ್ಟು ಆಳ? ಎಷ್ಟು ಅಗಲ?

ಫಾರ್ವರ್ಡ್‌ಗಳು ಹೇಳದೆ ಬಿಡುವ ಮುಖ್ಯ ಸಂಗತಿ ಇದು. ಸ್ಮ್ಯಾಪ್ ನೇರವಾಗಿ ಅಳೆಯುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣನ್ನು ಮಾತ್ರ. ಅಂದರೆ ಎರಡು ಇಂಚು. ಸಾವಿರ ಅಡಿಯ ಬೋರ್‌ವೆಲ್ ಎಂದರೆ 12,000 ಇಂಚು. ಅದರಲ್ಲಿ ಉಪಗ್ರಹಕ್ಕೆ ಕಾಣುವುದು ಮೇಲಿನ ಎರಡೇ ಇಂಚು! ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರ ಮಾತಿಗೆ ಹೇಗೆ ವೈಜ್ಞಾನಿಕ ಆಧಾರವಿಲ್ಲವೋ, ತೇವಾಂಶದ ನಕ್ಷೆ ಹಿಡಿದು ಪಾಯಿಂಟ್ ತೋರಿಸುವುದಕ್ಕೂ ಹಾಗೆಯೇ ಆಧಾರವಿಲ್ಲ.

ಅಗಲದ ಲೆಕ್ಕವೂ ಇದೆ. ಸ್ಮ್ಯಾಪ್‌ನ ಮೂಲ ನಕ್ಷೆಯಲ್ಲಿ ಒಂದು ಚೌಕ ಸುಮಾರು 36 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ ಸುಮಾರು 1,300 ಚದರ ಕಿಲೋಮೀಟರ್‌ಗೆ ಒಂದೇ ಸಂಖ್ಯೆ. ಬಿಬಿಎಂಪಿಯ ವ್ಯಾಪ್ತಿಯಲ್ಲಿದ್ದ ಬೆಂಗಳೂರು ಸುಮಾರು 710 ಚದರ ಕಿಲೋಮೀಟರ್. ಒಂದು ಚೌಕದೊಳಗೆ ಇಡೀ ಊರನ್ನು ಇಟ್ಟರೂ ಜಾಗ ಉಳಿಯುತ್ತದೆ. ಆ ಚೌಕದಲ್ಲಿ ಕೆರೆ ಬಯಲಿನ ಗದ್ದೆ, ಬೋಳುಗುಡ್ಡ, ಊರು, ಒಣ ಹೊಲ ಎಲ್ಲವೂ ಇರುತ್ತವೆ. ನಕ್ಷೆಯ ಬಣ್ಣ ಇವೆಲ್ಲದರ ಸರಾಸರಿ.

ರೇಡಾರ್ ಬಳಸಿದರೆ ಚೌಕಗಳು ಬಹಳ ಚಿಕ್ಕದಾಗುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ನಾಸಾ ಮತ್ತು ಇಸ್ರೋ ಸೇರಿ ನಿರ್ಮಿಸಿದ ನಿಸಾರ್ ಉಪಗ್ರಹದ ಗುರಿಗಳಲ್ಲಿ 200 ಮೀಟರ್ ಚೌಕಗಳಲ್ಲಿ ತೇವಾಂಶ ಹೇಳುವುದೂ ಒಂದು. ಅಂದರೆ ಸುಮಾರು ಹತ್ತು ಎಕರೆಗೆ ಒಂದು ಸಂಖ್ಯೆ. ಆದರೆ ರೇಡಾರ್‌ಗೆ ಅದರದೇ ತೊಡಕುಗಳಿವೆ. ಉತ್ತ ಹೊಲದ ಹೆಂಟೆ, ಸಾಲು, ಬೆಳೆದು ನಿಂತ ಪೈರು, ಎಲ್ಲವೂ ಪ್ರತಿಧ್ವನಿಯನ್ನು ಬದಲಿಸುತ್ತವೆ. ನಿಸಾರ್ ಅದೇ ಹಾದಿಗೆ ಮರಳುವುದು 12 ದಿನಕ್ಕೊಮ್ಮೆ. ಸ್ಮ್ಯಾಪ್ ಎರಡು ಮೂರು ದಿನಕ್ಕೊಮ್ಮೆ ಬಂದು ನೋಡುತ್ತದೆ. ಒಂದಕ್ಕೆ ಕಣ್ಣು ಚುರುಕು, ಇನ್ನೊಂದಕ್ಕೆ ಓಡಾಟ ಜಾಸ್ತಿ. ಎರಡೂ ಬೇಕು.

ದಟ್ಟ ಕಾಡು ಇನ್ನೊಂದು ಅಡ್ಡಿ. ಎಲೆ, ಕೊಂಬೆಗಳಲ್ಲಿರುವ ನೀರೇ ಅಲೆಗಳನ್ನು ತಡೆದುಬಿಡುತ್ತದೆ. ಪಶ್ಚಿಮ ಘಟ್ಟದಂಥ ಕಡೆ ನಕ್ಷೆಯ ಬಣ್ಣವನ್ನು ಅನುಮಾನದಿಂದಲೇ ನೋಡಬೇಕು. ಮನುಷ್ಯರು ತರುವ ತೊಂದರೆಯೂ ಉಂಟು. 1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯನ್ನು ಇಂಥ ಸದ್ದಿಲ್ಲದ ಆಲಿಕೆಗೆಂದೇ ಜಗತ್ತಿನಾದ್ಯಂತ ಮೀಸಲಿಟ್ಟಿದ್ದಾರೆ. ಆದರೂ ಕೆಲವೆಡೆ ಅಕ್ರಮ ಪ್ರಸಾರದ ಉಪಕರಣಗಳು ಅಲ್ಲೇ ಗದ್ದಲ ಮಾಡುತ್ತವೆ. ಸಂತೆಯಲ್ಲಿ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗೆ.

ಅಂತರ್ಜಲ ನೋಡುವ ಉಪಗ್ರಹವೇ ಇಲ್ಲವೇ?

ಇದೆ, ಆದರೆ ಅದು ನೋಡುವುದಿಲ್ಲ, ತೂಗುತ್ತದೆ. 2002ರಲ್ಲಿ ಹಾರಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಒಂದರ ಹಿಂದೆ ಒಂದು ಸುತ್ತುತ್ತಾ, ತಮ್ಮ ನಡುವಿನ ದೂರದಲ್ಲಿ ಆಗುವ ಅತಿ ಸಣ್ಣ ಬದಲಾವಣೆಯಿಂದ ಭೂಮಿಯ ಗುರುತ್ವವನ್ನು ಅಳೆದವು. ಒಂದು ಪ್ರದೇಶದಲ್ಲಿ ನೀರು ಕಡಿಮೆಯಾದರೆ ಅಲ್ಲಿನ ಗುರುತ್ವವೂ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ರಾಜಸ್ಥಾನ, ಪಂಜಾಬ್ ಮತ್ತು ದೆಹಲಿ ಸೇರಿದ ಹರಿಯಾಣ ಭಾಗದಲ್ಲಿ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ 109 ಘನ ಕಿಲೋಮೀಟರ್ ಅಂತರ್ಜಲ ಕರಗಿದೆ ಎಂದು 2009ರಲ್ಲಿ ಲೆಕ್ಕ ಹಾಕಿದ್ದು ಹೀಗೆ. 2018ರಿಂದ ಅದರ ಉತ್ತರಾಧಿಕಾರಿ ಜೋಡಿ ಈ ಕೆಲಸ ಮುಂದುವರಿಸಿದೆ.

ಇದಕ್ಕೂ ಮಿತಿಯಿದೆ. ಗ್ರೇಸ್ ತೂಗುವುದು ನೂರಾರು ಕಿಲೋಮೀಟರ್ ಹರಹಿನ ಒಟ್ಟು ನೀರನ್ನು. ಅದರಲ್ಲಿ ಕೆರೆ ಎಷ್ಟು, ಮಣ್ಣಿನ ತೇವ ಎಷ್ಟು ಎಂದು ಕಳೆದ ಮೇಲೆ ಉಳಿದದ್ದು ಅಂತರ್ಜಲ. ಸರ್ವೆ ನಂಬರಿನ ಮಟ್ಟದಲ್ಲಿ ನೀರು ತೋರಿಸುವ ಉಪಗ್ರಹ ಯಾವುದೂ ಇಲ್ಲ.

ಎರಡು ಇಂಚಿನ ತೇವಕ್ಕೆ ಯಾಕಿಷ್ಟು ಬೆಲೆ?

ಬರೀ ಎರಡು ಇಂಚಿಗೋಸ್ಕರ ಇಷ್ಟೆಲ್ಲ ಖರ್ಚೇ ಎಂದು ಅನ್ನಿಸಬಹುದು. ಮುಂದಿನ ಮಳೆ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮಣ್ಣಿನಲ್ಲಿ ಆಗಲೇ ಇರುವ ತೇವ.

ಒಣಗಿದ ಸ್ಪಂಜಿನ ಮೇಲೆ ಒಂದು ಲೋಟ ನೀರು ಸುರಿಯಿರಿ, ಹೀರಿಕೊಳ್ಳುತ್ತದೆ. ನೆನೆದ ಸ್ಪಂಜಿನ ಮೇಲೆ ಅಷ್ಟೇ ನೀರು ಸುರಿಯಿರಿ, ಹರಿದುಹೋಗುತ್ತದೆ. ಮಣ್ಣೂ ಹೀಗೆಯೇ. ಇದನ್ನು ಲೆಕ್ಕ ಹಾಕಲು ಎಂಜಿನಿಯರುಗಳು ಬಳಸುವ ಕರ್ವ್ ನಂಬರ್ ಎಂಬ ಹಳೆಯ ಸೂತ್ರವಿದೆ. ಅಮೆರಿಕದ ಕೃಷಿ ಇಲಾಖೆಯ ಮಣ್ಣು ಸಂರಕ್ಷಣಾ ವಿಭಾಗ ರೂಪಿಸಿದ್ದು. ಆ ಸೂತ್ರದಲ್ಲಿ ಸಾಧಾರಣ ಸ್ಥಿತಿಗೆ 75 ಅಂಕವಿರುವ ಒಂದು ಜಮೀನನ್ನು ತೆಗೆದುಕೊಂಡು, 80 ಮಿಲಿಮೀಟರ್ ಮಳೆ ಸುರಿಸಿ ನೋಡೋಣ.

ನೆಲ ಒಣಗಿದ್ದರೆ ಹರಿದುಹೋಗುವುದು ಸುಮಾರು 7 ಮಿಲಿಮೀಟರ್. ಸಾಧಾರಣ ತೇವವಿದ್ದರೆ 27. ಮೊದಲೇ ನೆನೆದಿದ್ದರೆ ಸುಮಾರು 50. ಮಳೆ ಅಷ್ಟೇ, ಹೊಲ ಅದೇ, ಹರಿವು ಮಾತ್ರ ಏಳು ಪಟ್ಟು!

ಇದನ್ನು ಒಂದು ಕೆರೆಗೆ ಅನ್ವಯಿಸಿ. ಹತ್ತು ಚದರ ಕಿಲೋಮೀಟರ್ ಜಲಾನಯನ ಇರುವ ಕೆರೆಗೆ ಒಣ ನೆಲದಿಂದ ಬರುವುದು ಸುಮಾರು ಏಳು ಕೋಟಿ ಲೀಟರ್. ನೆನೆದ ನೆಲದಿಂದ ಸುಮಾರು ಐವತ್ತು ಕೋಟಿ ಲೀಟರ್. ಕೆರೆಯ ತಳದಲ್ಲಿ ಒಂದಿಷ್ಟು ನೀರು ನಿಲ್ಲುತ್ತದೋ, ಕೆರೆ ಕೋಡಿ ಬಿದ್ದು ಕೆಳಗಿನ ಊರಿಗೆ ನೀರು ನುಗ್ಗುತ್ತದೋ ಎನ್ನುವ ವ್ಯತ್ಯಾಸ ಅದು. ಮಳೆ ಎಷ್ಟು ಬರುತ್ತದೆ ಎನ್ನುವ ಮುನ್ಸೂಚನೆಯೊಂದೇ ಇದ್ದರೆ ಪ್ರವಾಹದ ಎಚ್ಚರಿಕೆ ಕೊಡಲಾಗುವುದಿಲ್ಲ. ಮಳೆ ಬೀಳುವ ನೆಲ ಯಾವ ಸ್ಥಿತಿಯಲ್ಲಿದೆ ಎಂದೂ ತಿಳಿದಿರಬೇಕು.

2018ರ ಕೇರಳದ ಪ್ರವಾಹವನ್ನು ನೆನಪಿಸಿಕೊಳ್ಳಿ. ಆ ವರ್ಷ ಜೂನ್ 1ರಿಂದ ಆಗಸ್ಟ್ 19ರವರೆಗೆ ಅಲ್ಲಿ 2,346.6 ಮಿಲಿಮೀಟರ್ ಮಳೆಯಾಯಿತು. ವಾಡಿಕೆಗಿಂತ ಇದು ಶೇ. 42ರಷ್ಟು ಹೆಚ್ಚು. ಆಗಸ್ಟ್ ನಡುವಿನ ಭಾರೀ ಮಳೆ ಬಿದ್ದದ್ದು ವಾರಗಳಿಂದ ನೆನೆದಿದ್ದ ನೆಲದ ಮೇಲೆ.

ಕಾಣದ ಆಳಕ್ಕೆ ಲೆಕ್ಕದ ಪಾಸ್‌ಬುಕ್

ಮೇಲಿನ ಎರಡು ಇಂಚು ಗೊತ್ತಾಯಿತು. ಬೇರು ಇಳಿಯುವ ಒಂದು ಮೀಟರ್ ಆಳದ ಸುದ್ದಿ? ಅಲ್ಲಿಗೆ ಹೋಗುವುದು ಕಂಪ್ಯೂಟರ್ ಮಾದರಿ. ಇದನ್ನು ಬ್ಯಾಂಕ್ ಪಾಸ್‌ಬುಕ್ ಎಂದುಕೊಳ್ಳಿ. ಮಳೆ ಜಮೆ. ಬಿಸಿಲಿಗೆ ಆವಿಯಾದದ್ದು, ಗಿಡ ಹೀರಿದ್ದು, ಹರಿದುಹೋದದ್ದು, ಕೆಳಗಿಳಿದದ್ದು ಖರ್ಚು. ಉಳಿದ ಬ್ಯಾಲೆನ್ಸ್ ಮಣ್ಣಿನ ತೇವ.

ತೊಂದರೆಯೆಂದರೆ, ಮಳೆಯ ಅಂದಾಜಿನಲ್ಲಿ ಸಣ್ಣ ತಪ್ಪಾದರೂ ಅದು ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ. ಕಾಲುವೆ ನೀರು ಹಾಯಿಸಿದ್ದು ಮಾದರಿಗೆ ಗೊತ್ತೇ ಇರದಿರಬಹುದು. ಆಗ ಉಪಗ್ರಹದ ಅಳತೆ ನೆರವಿಗೆ ಬರುತ್ತದೆ. ಮಾದರಿ ಶೇ. 30 ಎಂದು ಹೇಳುತ್ತದೆ, ಉಪಗ್ರಹ ಶೇ. 20 ಎನ್ನುತ್ತದೆ ಎಂದುಕೊಳ್ಳೋಣ. ಎರಡರ ಮೇಲೂ ಸಮನಾದ ನಂಬಿಕೆ ಇದ್ದರೆ ಉತ್ತರ 25. ಉಪಗ್ರಹದ ಮೇಲೆ ಹೆಚ್ಚು ನಂಬಿಕೆ ಇದ್ದರೆ ಉತ್ತರ 20ರ ಹತ್ತಿರ. ಪಂಚಾಯಿತಿ ಕಟ್ಟೆಯಲ್ಲಿ ಇಬ್ಬರು ಸಾಕ್ಷಿಗಳ ಮಾತು ತೂಗಿ ನೋಡಿದ ಹಾಗೆ ಇದು. ಒಂದೇ ವ್ಯತ್ಯಾಸ, ಇಲ್ಲಿ ತೂಕಕ್ಕೆ ಗಣಿತದ ನಿಯಮವಿದೆ.

ಸ್ಮ್ಯಾಪ್ ತಂಡ ಹೀಗೆ ಎರಡನ್ನೂ ಬೆರೆಸಿ, ಮೇಲಿನ ಒಂದು ಮೀಟರ್ ಮಣ್ಣಿನ ತೇವವನ್ನು 9 ಕಿಲೋಮೀಟರ್ ಚೌಕಗಳಲ್ಲಿ, ಮೂರು ಮೂರು ಗಂಟೆಗೆ ಒಂದರಂತೆ ಪ್ರಕಟಿಸುತ್ತದೆ. ಉಪಯುಕ್ತವಾದ ಲೆಕ್ಕವೇ. ಆದರೆ ಇಂಥ ನಕ್ಷೆಗೆ ‘ಉಪಗ್ರಹ ತೆಗೆದ ಫೋಟೊ’ ಎಂದು ಹೆಸರಿಟ್ಟರೆ ಅದು ತಪ್ಪು. ಅದರಲ್ಲಿ ಅಳತೆಯೂ ಇದೆ, ಲೆಕ್ಕಾಚಾರವೂ ಇದೆ.

ಗುಂಡ್ಲುಪೇಟೆಯ ಹೊಲಗಳಲ್ಲಿ ಪರೀಕ್ಷೆ

ಉಪಗ್ರಹ ಹೇಳಿದ್ದು ಸರಿಯೇ ಎಂದು ತಿಳಿಯಲು ಕಡೆಗೂ ಯಾರಾದರೂ ಹೊಲಕ್ಕೆ ಇಳಿಯಲೇಬೇಕು. ಆ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನ ಪ್ರದೇಶ ಸುಮಾರು 84 ಚದರ ಕಿಲೋಮೀಟರ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸ್‌ನ ವಿಜ್ಞಾನಿಗಳು ಸೇರಿ ಇಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿದ್ದಾರೆ. ಉಪಗ್ರಹ ಮೇಲೆ ಹಾದುಹೋಗುವ ದಿನವೇ ಹತ್ತಾರು ಹೊಲಗಳಿಗೆ ಹೋಗಿ, ಮೇಲಿನ 5 ಸೆಂಟಿಮೀಟರ್ ಮಣ್ಣಿನ ತೇವ ಅಳೆದು, ಉಪಗ್ರಹದ ಅಂಕಿಯ ಜೊತೆ ಹೋಲಿಸಿದ್ದಾರೆ. ಸ್ಮಾಸ್ ಮಾತ್ರವಲ್ಲ, ನಮ್ಮದೇ ರಿಸ್ಯಾಟ್-1 ರೇಡಾರ್ ಉಪಗ್ರಹದ ಅಳತೆಗಳೂ ಇಲ್ಲಿ ಪರೀಕ್ಷೆಗೆ ಒಳಗಾಗಿವೆ.

ಈ ಜಾಗ ಪರೀಕ್ಷೆಗೆ ಒಗ್ಗಲು ಕಾರಣ ಅಲ್ಲಿನ ವೈವಿಧ್ಯ. ಕೆಂಪು ಮಣ್ಣೂ ಇದೆ, ಕಪ್ಪು ಮಣ್ಣೂ ಇದೆ. ಅರಿಸಿನ, ಚೆಂಡುಹೂವು, ಸೂರ್ಯಕಾಂತಿ, ಜೋಳ ಅಕ್ಕಪಕ್ಕದ ಚಿಕ್ಕ ಚಿಕ್ಕ ಹೊಲಗಳಲ್ಲಿ ಬೆಳೆಯುತ್ತವೆ. ಒಂದಕ್ಕೆ ನೀರಾವರಿ, ಪಕ್ಕದ್ದಕ್ಕೆ ಮಳೆಯೇ ಗತಿ. ಅಮೆರಿಕದ ವಿಶಾಲ ಹೊಲಗಳಿಗೆ ಹೊಂದುವ ಲೆಕ್ಕ ಇಲ್ಲಿ ಹಾಗೆಯೇ ಹೊಂದುತ್ತದೆ ಎನ್ನಲಾಗದು. ಪರೀಕ್ಷಿಸಿಯೇ ನೋಡಬೇಕು.

ಅಂಕಿ ಒಂದೇ, ಅರ್ಥ ಎರಡು

ಇನ್ನೊಂದು ಸೂಕ್ಷ್ಮವಿದೆ. ಮಣ್ಣಿನಲ್ಲಿ ಶೇ. 20ರಷ್ಟು ನೀರಿದೆ ಎಂದರೆ ಅದು ಒದ್ದೆಯೋ ಒಣವೋ? ಅದು ಮಣ್ಣಿನ ಮೇಲೆ ಹೋಗುತ್ತದೆ. ಮರಳು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಅಷ್ಟು ನೀರು ಧಾರಾಳ. ವಿಜಯಪುರ ಕಡೆಯ ಜಿಗುಟಾದ ಎರೆ ಮಣ್ಣಿನಲ್ಲಿ ಅಷ್ಟೇ ನೀರಿದ್ದರೆ ಪೈರು ಬಾಡಬಹುದು. ಏಕೆಂದರೆ ಎರೆ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ.

ಅದಕ್ಕೇ ಬರದ ಲೆಕ್ಕದಲ್ಲಿ ಒಟ್ಟು ನೀರಿಗಿಂತ ಪೈರಿಗೆ ಸಿಗುವ ನೀರಿನ ಶೇಕಡಾವಾರು ಮುಖ್ಯ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆಯ ಜೊತೆಗೆ ಬಿತ್ತನೆ, ಬೆಳೆಯ ಹಸಿರು, ಜಲಾಶಯ ಮತ್ತು ಅಂತರ್ಜಲದ ಜೊತೆ ಮಣ್ಣಿನ ತೇವಾಂಶವನ್ನೂ ಒಂದು ಸೂಚಕವಾಗಿ ಹೆಸರಿಸಿದೆ. ಅಷ್ಟೇ ಅಲ್ಲ, ಶೇ. 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ಬೆಳೆಯ ಸ್ಥಿತಿ ಪರಿಶೀಲಿಸಬೇಕೆಂದೂ ಹೇಳುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಒಂದು ತಾಲ್ಲೂಕು ಆ ಪಟ್ಟಿಗೆ ಸೇರುತ್ತದೋ ಇಲ್ಲವೋ ಎನ್ನುವುದರ ಮೇಲೆ ಸಾವಿರಾರು ಮನೆಗಳ ಪರಿಹಾರ ನಿಂತಿರುತ್ತದೆ. ಅಂಥ ತೀರ್ಮಾನವನ್ನು ಒಂದೇ ನಕ್ಷೆಗೆ ಬಿಡಬಾರದು, ಒಂದೇ ನಕ್ಷೆ ಹಿಡಿದು ಜಗಳಕ್ಕೂ ಹೋಗಬಾರದು.

ಕಳಿಸುವ ಮುನ್ನ ಐದು ಪ್ರಶ್ನೆ

ಮುಂದಿನ ಸಲ ಇಂಥ ನಕ್ಷೆ ನಿಮ್ಮ ಮೊಬೈಲ್‌ಗೆ ಬಂದಾಗ ಹೀಗೆ ನೋಡಿ.

1. ದಿನಾಂಕ ಇದೆಯೇ? ಮೇಲ್ಮಣ್ಣಿನ ತೇವ ಒಂದು ಮಳೆಗೆ, ಮೂರು ದಿನದ ಬಿಸಿಲಿಗೆ ಬದಲಾಗುತ್ತದೆ. ದಿನಾಂಕವಿಲ್ಲದ ನಕ್ಷೆ ದಿನಾಂಕವಿಲ್ಲದ ಹವಾಮಾನ ವರದಿಯಷ್ಟೇ ಉಪಯೋಗಕ್ಕೆ ಬರುತ್ತದೆ.

2. ಅಳೆದದ್ದು ಏನು? ಮೇಲ್ಮಣ್ಣಿನ ತೇವವೋ, ಬೇರಿನ ಆಳದ ತೇವವೋ, ಅಂತರ್ಜಲವೋ? ಮೂರೂ ಬೇರೆ ಬೇರೆ.

3. ಒಂದು ಚೌಕ ಎಷ್ಟು ದೊಡ್ಡದು? ಕಿಲೋಮೀಟರ್ ಲೆಕ್ಕದಲ್ಲಿದ್ದರೆ ಅದರಿಂದ ನಿಮ್ಮ ಹೊಲದ ಬಗ್ಗೆ ತೀರ್ಮಾನ ಬೇಡ.

4. ಬಣ್ಣದ ಅರ್ಥವೇನು? ಕೆಲವು ನಕ್ಷೆಗಳಲ್ಲಿ ಕೆಂಪು ಎಂದರೆ ಒಣ ನೆಲ. ಕೆಲವುಗಳಲ್ಲಿ ಕೆಂಪು ಎಂದರೆ ಆ ಋತುವಿನ ವಾಡಿಕೆಗಿಂತ ಒಣ. ಮಲೆನಾಡಿನಲ್ಲಿ ನೆಲ ಒದ್ದೆಯಿದ್ದೂ ಎರಡನೆಯ ಬಗೆಯ ನಕ್ಷೆಯಲ್ಲಿ ಕೆಂಪಾಗಿ ಕಾಣಬಹುದು.

5. ಯಾರು ತಯಾರಿಸಿದ್ದು? ಸಂಸ್ಥೆಯ ಹೆಸರು, ಬಣ್ಣದ ಅಳತೆಪಟ್ಟಿ ಎರಡನ್ನೂ ಕತ್ತರಿಸಿ ಬರೀ ಚಿತ್ರ ಕಳಿಸಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ.

ಬೋರ್ ಕೊರೆಸುವ ಯೋಚನೆಯಿದ್ದರೆ ಅರ್ಹ ಭೂವಿಜ್ಞಾನಿಯಿಂದ ಸ್ಥಳದಲ್ಲೇ ಪರೀಕ್ಷೆ ಮಾಡಿಸಿ, ಸುತ್ತಲಿನ ಬೋರ್‌ಗಳ ಆಳ ಮತ್ತು ನೀರಿನ ಮಟ್ಟ ವಿಚಾರಿಸಿ. ಅದೂ ಪೂರ್ತಿ ಗ್ಯಾರಂಟಿಯಲ್ಲ, ಆದರೆ ಫಾರ್ವರ್ಡ್‌ಗಿಂತ ಎಷ್ಟೋ ಮೇಲು. ಬಿತ್ತನೆಯ ಹೊತ್ತಿನಲ್ಲಿ ನಿಮ್ಮ ಹೊಲದ ಹದ ತಿಳಿಯಲು ಒಂದು ಗೇಣು ಅಗೆದು, ಮಣ್ಣು ಮುಷ್ಟಿಯಲ್ಲಿ ಹಿಡಿದು ಉಂಡೆಯಾಗುತ್ತದೆಯೇ ನೋಡಿ. ಉಪಗ್ರಹದ ಎರಡು ಇಂಚಿಗಿಂತ ನಿಮ್ಮ ಕೈಗೆ ಸಿಕ್ಕ ಮಣ್ಣು ಆಳದ್ದು. ಇಡೀ ಜಿಲ್ಲೆಯ, ಇಡೀ ನದಿ ಕಣಿವೆಯ ಸುದ್ದಿ ಬೇಕಾದಾಗ ಮಾತ್ರ ಉಪಗ್ರಹಕ್ಕೆ ಸಾಟಿಯಿಲ್ಲ.